ಸಮುದ್ರಕ್ಕೆ ಬೆನ್ನು ಮಾಡಿದ ಬಂಗಲೆ ಮತ್ತು ನಮ್ಮ ವಕೀಲರು

ಸತ್ತವರ ಬಗ್ಗೆ ಒಳ್ಳೆಯದನ್ನಷ್ಟೇ ಆಡಬೇಕಂತೆ. ಯಾಕೆ ಎಂದು ಕೇಳಿದರೆ, ಪಾಪ, ಅವರು ಎದ್ದು ಬಂದು ಉತ್ತರ ಕೊಡಲಾರರು ಎನ್ನುತ್ತಾರೆ. ಹಾಗೆ ನೋಡಿದರೆ ಹೊಗಳಿದಾಗಲೂ ಅವರು ಎದ್ದು ಬಂದು ‘ಇಷ್ಟೆಲ್ಲ ಸುಳ್ಳು ಬೇಡ’ ಎನ್ನಲಾರರು. ಆದ್ದರಿಂದ ಈ ನಿಯಮವನ್ನು ನಾನು ಒಪ್ಪುವುದಿಲ್ಲ.

ಮೊನ್ನೆ ಕೊಪ್ಪಳದ ವಾಚನಾಲಯದಲ್ಲಿ ನಮ್ಮ ವಕೀಲ ಸಾಹೇಬರ ಸಂತಾಪ ಸಭೆ ನಡೆಯಿತು. ಒಬ್ಬರು ಅವರನ್ನು ಧರ್ಮರಾಯ ಎಂದರು. ಇನ್ನೊಬ್ಬರು ನ್ಯಾಯದ ತಕ್ಕಡಿ ಎಂದರು. ಕಾರಟಗಿಯಿಂದ ಬಂದಿದ್ದ ಅಕ್ಕಿ ವ್ಯಾಪಾರಿಯೊಬ್ಬರು ಮಾತು ಹೊರಡದೆ ಕಣ್ಣೊರೆಸಿಕೊಂಡು ಕುಳಿತರು. ಇದ್ದುದರಲ್ಲಿ ಅದೇ ಚೆನ್ನಾಗಿತ್ತು. ನನ್ನನ್ನು ಮಾತಾಡಲು ಕರೆಯಲಿಲ್ಲ. ಅವರ ಶಿಷ್ಯರಲ್ಲಿ ಮಾತು ಬಲ್ಲವನು ನಾನೇ ಎಂದು ಊರಿಗೆಲ್ಲ ಗೊತ್ತು. ಅದಕ್ಕೇ ಕರೆಯಲಿಲ್ಲ. ಸಂಘಟಕರು ದಡ್ಡರಲ್ಲ.

ಅವರು ತೀರಿಕೊಂಡದ್ದು ಕೊಪ್ಪಳದಲ್ಲಿ ಅಲ್ಲ, ಕಾರವಾರದ ಕಡೆ ಸಮುದ್ರದ ದಂಡೆಯ ಮೇಲಿರುವ ದೊಡ್ಡ ಬಂಗಲೆಯಲ್ಲಿ. ಆ ಬಂಗಲೆ ಯಾರದು ಎಂಬುದನ್ನು ಸಭೆಯಲ್ಲಿ ಯಾರೂ ಎತ್ತಲಿಲ್ಲ. ‘ಕಡಲ ಗಾಳಿ ಸೇವಿಸುತ್ತ ಶಾಂತವಾಗಿ ಕಣ್ಣು ಮುಚ್ಚಿದರು’ ಎಂದಷ್ಟೇ ಹೇಳಿದರು.

ಮೊದಲು ಅವರಿಂದ ನಾನು ಪಡೆದದ್ದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇದು ವಾದವಾಗುವುದಿಲ್ಲ, ಬೈಗುಳವಾಗುತ್ತದೆ. ಮಾತಾಡುವುದನ್ನು ನನಗೆ ಕಲಿಸಿದವರು ಅವರು. ಭಾನುವಾರ ಬೆಳಿಗ್ಗೆ ಅವರ ಮನೆಯ ಕಟ್ಟೆಯ ಮೇಲೆ ನಾವು ಕೆಲವು ಹುಡುಗರು ಕೂಡುತ್ತಿದ್ದೆವು. ಅವರು ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಒಂದು ವಿಷಯ ಕೊಡುತ್ತಿದ್ದರು. ಎಲೆಯಡಿಕೆ ಬಾಯಲ್ಲಿ ಇರುವವರೆಗೆ ಒಂದು ಪಕ್ಷ ಹಿಡಿದು ವಾದಿಸಬೇಕು. ಅವರು ಎದ್ದು ಹೋಗಿ ಉಗುಳಿ ಬಂದರೆಂದರೆ ಅದೇ ಬಾಯಿಂದ ಎದುರು ಪಕ್ಷ ವಾದಿಸಬೇಕು. ‘ಸಾಲಿ ಬೇಕು’ ಎನ್ನುತ್ತಿದ್ದವನು ‘ಸಾಲಿ ಬೇಡ’ ಎನ್ನಬೇಕು, ಅದೂ ತೊದಲದೆ.

“ಏನಪಾ,” ಎನ್ನುತ್ತಿದ್ದರು, ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸುತ್ತ, “ಎದುರಿನವ ಸುಳ್ಳ ಹೇಳಾಕ ಹತ್ತಿದ್ರ ಹೆದರಬ್ಯಾಡ. ಖರೆ ಹೇಳಾಕ ಹತ್ತಿದ್ನೋ, ಆವಾಗ ಹುಷಾರಾಗು.”

ನಾವೆಲ್ಲ ನಗುತ್ತಿದ್ದೆವು. ಅದು ತಮಾಷೆ ಎಂದುಕೊಂಡಿದ್ದೆವು.

ನಾನು ಕಾಲೇಜಿಗೆ ಹೈದರಾಬಾದಿಗೆ ಹೊರಟಾಗ ತಮ್ಮ ಕರಿ ಕೋಟನ್ನು ಕೊಟ್ಟರು. ತೋಳು ಉದ್ದವಾಗಿತ್ತು, ಕತ್ತರಿಸಿ ಹೊಲಿಸಿಕೊಂಡೆ. ಅಲ್ಲಿನ ಚರ್ಚಾಸ್ಪರ್ಧೆಗಳಲ್ಲಿ ಆ ಕೋಟು ಹಾಕಿಕೊಂಡೇ ಗೆದ್ದೆ. ವಕೀಲಿ ಓದಿ ಬಂದ ಮೇಲೆ ಅವರ ಕೈಕೆಳಗೇ ಸೇರಿದೆ. ಬೇರೆಯವರ ಹತ್ತಿರ ಹೋಗುವ ಯೋಚನೆಯೇ ಬರಲಿಲ್ಲ.

ಅವರು ದೇವರನ್ನು ನಂಬುತ್ತಿರಲಿಲ್ಲ, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ನನಗೆ ಅದೇ ದೊಡ್ಡ ಆಕರ್ಷಣೆ. ಒಮ್ಮೆ ಮುನ್ಸಿಫರ ಕಚೇರಿಯಲ್ಲಿ ಯಲಬುರ್ಗಾ ಕಡೆಯ ಒಬ್ಬ ಸಾಕ್ಷಿ ಮಾತುಮಾತಿಗೂ ‘ದೇವರಾಣಿ’ ಎನ್ನುತ್ತಿದ್ದ. ಇವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಅವರು ಕನ್ನಡಕ ಒರೆಸಿದರೆ ಎದುರಿನವನ ಕತೆ ಮುಗಿಯಿತೆಂದೇ ಅರ್ಥ.

“ದೇವ್ರನ್ನ ಸಾಕ್ಷಿಗೆ ಹಿಡದೀಯಲ್ಲಪಾ, ಆತಗ ಸಮನ್ಸ್ ಮುಟ್ಟೇತೇನು?” ಎಂದರು. “ಕರಕೊಂಡು ಬಾ. ನಾನೂ ಒಂದೆರಡು ಪಾಟೀಸವಾಲು ಕೇಳೂದೈತಿ.”

ಇಡೀ ಕಚೇರಿ ನಕ್ಕಿತು. ಅದನ್ನು ಉರ್ದುವಿನಲ್ಲಿ ಹೇಳಿಸಿಕೊಂಡು ಮುನ್ಸಿಫರೂ ನಕ್ಕರು. ಆ ದಿನ ನಾನು ಮನೆಗೆ ಹೋಗುವಾಗ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಇಂಥ ಗುರು ಯಾರಿಗೆ ಸಿಗುತ್ತಾನೆ ಎನ್ನಿಸಿತ್ತು.

ಇನ್ನು ಬಂಗಲೆ. ಕುಷ್ಟಗಿ ತಾಲೂಕಿನ ಒಂದು ಊರಿನಲ್ಲಿ ಇಬ್ಬರು ಅಣ್ಣತಮ್ಮ ದೇಸಾಯರಿದ್ದರು. ವಾಡೆ, ಹೊಲ, ವತನ ಎಲ್ಲ ದೊಡ್ಡ ದೇಸಾಯರ ಕೈಯಲ್ಲಿ. ಸಣ್ಣ ದೇಸಾಯರು ಹತ್ತಿ, ಶೇಂಗಾ ಹಿಡಿದು ಕರಾವಳಿಯ ತನಕ ವ್ಯಾಪಾರ ಮಾಡಿ ತಾವೇ ಗಳಿಸಿದವರು. ಅವರಿಗೆ ಎದೆಯ ಕೆಮ್ಮು. ಸಮುದ್ರದ ಗಾಳಿ ಒಳ್ಳೆಯದೆಂದು ಡಾಕ್ಟರು ಹೇಳಿದ್ದೇ ನೆಪವಾಗಿ ಕಾರವಾರದ ಕಡೆ ಆ ಬಂಗಲೆ ಕಟ್ಟಿಸಿದರು. ನಮ್ಮದು ನಿಜಾಮರ ಸೀಮೆ, ಅದು ಇಂಗ್ರೇಜರ ಸೀಮೆ. ಇಲ್ಲಿನ ಅಧಿಕಾರಿಗಳ ಕಣ್ಣು ಬೀಳದಿರಲೆಂದು ಅಲ್ಲಿನ ಒಬ್ಬ ವ್ಯಾಪಾರಿ ಗೆಳೆಯನ ಹೆಸರಿನಲ್ಲಿ ಜಾಗ ಕೊಂಡಿದ್ದರು.

ಆ ಮನೆ ನೋಡಿದವರು ಮರೆಯುವುದಿಲ್ಲ. ಬರ್ಮಾ ತೇಗದ ಮೆಟ್ಟಿಲು, ಗೋಡೆ ತುಂಬ ಬೆಲ್ಜಿಯಂ ಕನ್ನಡಿ, ಎತ್ತಿನ ಗಾತ್ರದ ಗಾಜಿನ ತೂಗುದೀಪ, ಹಿತ್ತಾಳೆಯ ಸರಪಳಿಯ ತೂಗುಮಂಚ, ನೆಲಕ್ಕೆ ಬಣ್ಣದ ಹಾಸುಗಲ್ಲು. ಆದರೆ ಕಟ್ಟಿಸಿದವರು ನಮ್ಮ ಬಯಲುಸೀಮೆಯ ಜನ. ಬಾಗಿಲು ಪೂರ್ವಕ್ಕೇ ಇರಬೇಕು, ಅಡುಗೆಮನೆ ಹಿಂದೆಯೇ ಇರಬೇಕು. ಅಲ್ಲಿ ಸಮುದ್ರ ಇರುವುದು ಪಶ್ಚಿಮಕ್ಕೆ. ಹೀಗಾಗಿ ಅಷ್ಟು ದೂರ ಹೋಗಿ, ಅಷ್ಟು ಖರ್ಚು ಮಾಡಿ, ಮನುಷ್ಯ ಸಮುದ್ರಕ್ಕೆ ಬೆನ್ನು ಮಾಡಿ ಮನೆ ಕಟ್ಟಿಸಿದ್ದ. ದಿವಾನಖಾನೆಯಲ್ಲಿ ಕುಳಿತ ಗಂಡಸರಿಗೆ ಕಾಣುವುದು ಧೂಳಿನ ರಸ್ತೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು, ಬಚ್ಚಲು, ಆಮೇಲೆ ಅರಬ್ಬೀ ಸಮುದ್ರ.

ಇದನ್ನು ನಾನು ಹೇಳಿ ನಕ್ಕಾಗ ನೀಲವ್ವ ನಗಲಿಲ್ಲ. ನೀಲವ್ವ ಎಂದರೆ ಸಣ್ಣ ದೇಸಾಯರ ಹೆಂಡತಿ. “ನನಗ ಅಡಗಿಮನ್ಯಾಗಿಂದ ಕಾಣಸ್ತಿತ್ತು ತಮ್ಮಾ,” ಎಂದರು. “ರೊಟ್ಟಿ ಬಡಿಯೂದು ಬಿಟ್ಟು ನೋಡಕೋತ ನಿಂತು ಎಷ್ಟು ರೊಟ್ಟಿ ಹೊತ್ತಿಸೀನಿ.” ಗಂಡನ ಕೊನೆಯ ದಿನಗಳಲ್ಲಿ ಅವರು ಸಣ್ಣ ಮಗಳನ್ನು ಕಟ್ಟಿಕೊಂಡು ಆ ಮನೆಯಲ್ಲೇ ಇದ್ದು ಆರೈಕೆ ಮಾಡಿದವರು. ಆ ಉಪ್ಪು ಗಾಳಿಗೆ ಜೋಳದ ಹಿಟ್ಟು ಮುಗ್ಗುತ್ತದೆಂದು ದಿನಾ ಅಷ್ಟಷ್ಟೇ ಬೀಸಿಕೊಳ್ಳುತ್ತಿದ್ದರಂತೆ. ಸಾಯುವ ಮೊದಲು ಗಂಡ ಅಣ್ಣನನ್ನು ಕರೆಸಿ, ಅವನ ಎದುರಿಗೇ, ಈ ಮನೆ ನೀಲವ್ವನದು, ಮಗಳದು ಎಂದಿದ್ದರು. ಹಾಗೆಂದು ನೀಲವ್ವ ಹೇಳುತ್ತಿದ್ದರು. ತಮ್ಮ ಹಾಗೆ ಹೇಳಲೇ ಇಲ್ಲ, ಮನೆ ಮನೆತನದ್ದು ಎಂದು ದೊಡ್ಡ ದೇಸಾಯರು ಹೇಳುತ್ತಿದ್ದರು. ಕೋಣೆಯಲ್ಲಿ ಇದ್ದವರು ಮೂವರೇ, ಒಬ್ಬರು ಸತ್ತಿದ್ದರು.

ಕರಾವಳಿಯ ಗೆಳೆಯ ಸಭ್ಯಸ್ಥ. “ನೀವು ನಿಮ್ಮಲ್ಲೇ ತೀರ್ಮಾನಿಸಿ ಹೇಳಿ, ಯಾರಿಗೆ ಅಂದರೆ ಅವರಿಗೆ ಬರೆದುಕೊಡುತ್ತೇನೆ” ಎಂದು ಕೈತೊಳೆದುಕೊಂಡ. ಎರಡು ಸರ್ಕಾರಗಳ ಕಚೇರಿಗೆ ಅಲೆಯುವುದು ಯಾರಿಗೂ ಬೇಡವಾಗಿತ್ತು. ಪಂಚರಲ್ಲಿ ಕೂಡೋಣ ಎಂದರು. ನಡುವೆ ಕೂಡುವವರು ಯಾರು? ನಮ್ಮ ವಕೀಲರು. ಎರಡೂ ಕಡೆಯವರು ಒಪ್ಪಿದರು. ನೀಲವ್ವನಂತೂ ದೊಡ್ಡ ಭರವಸೆಯಿಂದ ಒಪ್ಪಿದರು. ಹೊಲದಲ್ಲಿ ಅವರಿಗೆ ಪಾಲಿಲ್ಲ. ಈ ಮನೆ ಬಂದರೆ ಅದನ್ನು ಬಾಡಿಗೆಗೆ ಕೊಟ್ಟೋ ಮಾರಿಯೋ ಮಗಳನ್ನು ಸಾಕುತ್ತಾರೆ. ಬರದಿದ್ದರೆ ಭಾವನ ವಾಡೆಯಲ್ಲಿ ರೊಟ್ಟಿ ಬಡಿಯಬೇಕು, ಇಲ್ಲವೆ ಯಲಬುರ್ಗಾದ ಅಣ್ಣನ ಬಾಗಿಲು ಕಾಯಬೇಕು. ನಡುವೆ ಮೂರನೆಯ ದಾರಿ ಇರಲಿಲ್ಲ.

ಪಂಚಾಯಿತಿಗೆ ಮೊದಲು ‘ಸ್ಥಳ ಪರಿಶೀಲನೆ’ ಎಂದು ವಕೀಲರು ನನ್ನನ್ನೂ ಕರೆದುಕೊಂಡು ರೈಲಿನಲ್ಲಿ ಹುಬ್ಬಳ್ಳಿಗೆ, ಅಲ್ಲಿಂದ ಮೋಟಾರಿನಲ್ಲಿ ಘಟ್ಟ ಇಳಿದು ಆ ಬಂಗಲೆಗೆ ಹೋದರು. ಅಲ್ಲಿ ನೋಡಿದರೆ ನಮ್ಮ ಸೀಮೆಯ ಒಬ್ಬ ದೊಡ್ಡ ಅಧಿಕಾರಿಯ ಸಂಸಾರ ಆಗಲೇ ಬೇಸಿಗೆ ಕಳೆಯಲು ಬಂದು ಇಳಿದಿತ್ತು. ದೊಡ್ಡ ದೇಸಾಯರೇ ಇಳಿಸಿದ್ದರು. ವಕೀಲರಿಗೆ ಮಹಡಿಯ ಕೋಣೆ ಕೊಟ್ಟರು. ಸಂಜೆ ಅವರು ಆ ಅಧಿಕಾರಿ ಸಾಹೇಬರ ಎದುರು ತೂಗುಮಂಚದಲ್ಲಿ ಕುಳಿತು ಉರ್ದು ಶೇರ್ ಪದ್ಯ ಹೇಳಿದರು. ಕನ್ನಡಿಗಳಲ್ಲಿ ಎಲ್ಲಿ ನೋಡಿದರೂ ಅವರೇ ಕಾಣುತ್ತಿದ್ದರು. ಅವರೂ ಅದನ್ನು ನೋಡುತ್ತಿದ್ದರು. ಬರುವಾಗ ದಾರಿಯಲ್ಲಿ “ಛಲೋ ಮನಿ” ಎಂದು ಒಂದೆರಡು ಸಲ ತಾವೇ ಹೇಳಿಕೊಂಡರು. ಯಾರ ಮನೆ ಎಂಬುದರ ಬಗ್ಗೆ ಏನೂ ಹೇಳಲಿಲ್ಲ.

ಪಂಚಾಯಿತಿ ದೇಸಾಯರ ವಾಡೆಯ ಪಡಸಾಲೆಯಲ್ಲಿ ಕೂಡಿತು. ಊರ ಹಿರಿಯರು ಕಂಬಳಿಯ ಮೇಲೆ ಕುಳಿತಿದ್ದರು. ನೀಲವ್ವ ಒಳಬಾಗಿಲ ಹತ್ತಿರ ಸೆರಗು ಹೊದ್ದು, ಮಗಳನ್ನು ಮಗ್ಗುಲಿಗೆ ಇಟ್ಟುಕೊಂಡು ಕುಳಿತಿದ್ದರು. ಇಬ್ಬರೂ ತಮ್ಮ ತಮ್ಮ ಮಾತು ಹೇಳಿದರು. ಸಾಕ್ಷಿ ಇಲ್ಲ.

“ಲಿಂಗಾ ಹಿಡದು ಹೇಳ್ತೀನ್ರಿ,” ಎಂದರು ನೀಲವ್ವ, ಕೊರಳಿಗೆ ಕೈ ಹಾಕಿ. “ಈಗ ಅಂದ್ರ ಈಗ.”

ಹಿರಿಯರು ತಲೆದೂಗಿದರು. ಅಲ್ಲಿಗೇ ಮುಗಿಯುತ್ತಿತ್ತು. ವಕೀಲರು ಕನ್ನಡಕ ತೆಗೆದು ಒರೆಸತೊಡಗಿದರು.

“ಲಿಂಗ ಇಬ್ಬರ ಕೊರಳಾಗೂ ಐತ್ರೆವ್ವಾ. ದೇಸಾಯರೂ ಹಿಡದು ಹೇಳ್ತಾರ. ಆಮ್ಯಾಲ ನಾವು ಯಾರ ಲಿಂಗ ಖರೆ ಅಂತ ಪಂಚಾಯ್ತಿ ಮಾಡೂಣೇನು?” ಹಿರಿಯರು ನಕ್ಕರು. ವಕೀಲರು ನಗಲಿಲ್ಲ. “ಇಬ್ಬರಿಗೂ ಮಕ್ಕಳದಾವ. ತಂತಮ್ಮ ಮಗುವಿನ ತಲಿ ಮುಟ್ಟಿ ಆಣಿ ಮಾಡ್ರಿ. ಇಬ್ಬರಿಗೂ ಒಂದ ಅಳತಿ. ಇದಕ್ಕಿಂತ ಸಮ ನ್ಯಾಯ ಎಲ್ಲೈತ್ರಿ?”

ದೊಡ್ಡ ದೇಸಾಯರು ಮಗನನ್ನು ಕರೆದು ಮುಂದೆ ನಿಲ್ಲಿಸಿಕೊಂಡರು. ಹರೆಯಕ್ಕೆ ಬರುತ್ತಿದ್ದ ಹುಡುಗ, ಅಪ್ಪ ತಲೆಯ ಮೇಲೆ ಕೈಯಿಟ್ಟಾಗ ನಾಚಿಕೊಂಡು ನಕ್ಕ. ಅಪ್ಪ ಆಣೆ ಮಾಡಿದ. ತಮ್ಮ ಹಾಗೆ ಹೇಳಿಲ್ಲ ಎಂದ. ಆ ಹುಡುಗ ಇವತ್ತಿಗೂ ಕಲ್ಲಿನಂತೆ ಗಟ್ಟಿಯಾಗಿದ್ದಾನೆ, ಮದುವೆಯೂ ಆಗಿದೆ. ಆಣೆಯಲ್ಲಿ ಏನೂ ಇಲ್ಲ ಎಂಬುದಕ್ಕೆ ನನ್ನ ಹತ್ತಿರ ಇರುವ ಅತ್ಯುತ್ತಮ ಪುರಾವೆ ಅವನೇ.

ಎಲ್ಲರೂ ನೀಲವ್ವನ ಕಡೆ ತಿರುಗಿದರು. ಅವರ ಕೈ ಮಗಳ ಬೆನ್ನಿನ ಮೇಲಿತ್ತು. ಅಲ್ಲಿಂದ ಮೇಲೇಳಲಿಲ್ಲ.

ನಾನು ಎದ್ದು ನಿಂತೆ. ಆಣೆ ಸಾಕ್ಷಿಯಲ್ಲ, ಅದರಿಂದ ಯಾವುದೂ ಸಿದ್ಧವಾಗುವುದಿಲ್ಲ, ಮನೆ ಕಟ್ಟಿದ್ದು ಯಾರ ಗಳಿಕೆಯಿಂದ ಎಂದು ಮೊದಲು ಕೇಳಿ ಎಂದೆ. ಇನ್ನೂ ಹೇಳುವುದಿತ್ತು. ವಕೀಲರು ನನ್ನನ್ನು ತಡೆಯಲಿಲ್ಲ. ಪ್ರೀತಿಯಿಂದಲೇ ಒಂದು ಪ್ರಶ್ನೆ ಕೇಳಿದರು.

“ನೀವು ದೇವ್ರನ್ನ ನಂಬ್ತೀರೇನಪಾ?”

ನನಗೆ ಅವರು ಬಹುವಚನ ಹಚ್ಚಿದ್ದು ಅದೇ ಮೊದಲು. ನಾನು ಸುಳ್ಳು ಹೇಳಲಿಲ್ಲ. “ಇಲ್ಲ” ಎಂದೆ.

“ನೋಡ್ರಿ ಮತ್ತ,” ಎಂದು ಹಿರಿಯರ ಕಡೆ ತಿರುಗಿದರು. ಒಬ್ಬ ಮುದುಕ “ಕೂಡ್ರಪಾ ಕೂಡ್ರು, ಕಾಲೇಜು ಕಲತಾನ” ಎಂದ. ನಗೆ ಎದ್ದಿತು. ನನ್ನ ವಾದ ಮುಗಿಯಿತು. ತನಗೂ ನಂಬಿಕೆ ಇಲ್ಲ ಎಂಬುದನ್ನು ಹೇಳಬೇಕಾದ ಮನುಷ್ಯ ಕನ್ನಡಕ ಹಾಕಿಕೊಳ್ಳುತ್ತಿದ್ದ.

ಯೋಚನೆ ಮಾಡಲು ನೀಲವ್ವನಿಗೆ ಸ್ವಲ್ಪ ಹೊತ್ತು ಕೊಟ್ಟು ಎಲ್ಲರೂ ಚಹಾಕ್ಕೆ ಎದ್ದರು. ನಾನು ಒಳಗೆ ಹೋದೆ. ಅವರು ನಡುಮನೆಯ ಕಂಬಕ್ಕೆ ಒರಗಿ ನಿಂತಿದ್ದರು.

“ಆಣೆ ಮಾಡಿಬಿಡ್ರೆವ್ವಾ,” ಎಂದೆ. “ಏನೂ ಆಗೂದಿಲ್ಲ. ಅದು ಬರೇ ಮಾತು. ಅವರು ಸುಳ್ಳ ಹೇಳಿ ಮಾಡಿದ್ರು, ನೀವು ಖರೆ ಹೇಳಿ ಮಾಡಾಕ ಏನು?”

“ನಿಮಗ ಮಕ್ಕಳದಾವೇನು ತಮ್ಮಾ?”

“ಇಲ್ಲ.”

“ಅದಕ,” ಎಂದು ಅವರು ಮಗಳ ಜಡೆ ಬಿಚ್ಚಿ ಮತ್ತೆ ಹೆಣೆಯತೊಡಗಿದರು.

ಚಹಾ ಮುಗಿಸಿ ಬಂದ ಪಂಚರು ಮತ್ತೊಮ್ಮೆ ಕೇಳಿದರು. ನೀಲವ್ವ ಬೇಕಾದರೆ ತಮ್ಮ ಜೀವದ ಮೇಲೆ ಆಣೆ ಮಾಡುತ್ತೇನೆಂದರು, ಕೆಂಡ ಹಿಡಿಯುತ್ತೇನೆಂದರು, ಸತ್ತ ಗಂಡನ ಹೆಸರಲ್ಲಿ ಮಾಡುತ್ತೇನೆಂದರು. ಮಗಳ ತಲೆ ಮುಟ್ಟಲಿಲ್ಲ. ‘ಖರೆ ಇದ್ದಿದ್ರ ಹಿಂಜರೀತಿದ್ಲೇನು’ ಎಂದು ಹಿರಿಯರು ತಮ್ಮ ತಮ್ಮಲ್ಲೇ ಅಂದುಕೊಂಡರು. ತಮ್ಮ ಮನೆಗಳಲ್ಲಿ ಒಬ್ಬ ತಾಯಿಯೂ ಅಂಥ ಆಣೆ ಮಾಡಲಾರಳು ಎಂದು ಅಲ್ಲಿ ಕುಳಿತ ಪ್ರತಿಯೊಬ್ಬನಿಗೂ ಗೊತ್ತಿತ್ತು. ಗೊತ್ತಿದ್ದೂ ತಲೆಯಾಡಿಸಿದರು, ಯಾಕೆಂದರೆ ನಾಳೆ ಬೆಳಗಾದರೆ ಅವರು ಬದುಕಬೇಕಾದದ್ದು ದೊಡ್ಡ ದೇಸಾಯರ ಊರಿನಲ್ಲಿ. ಮನೆ ದೇಸಾಯರದೆಂದು ವಕೀಲರು ಹೇಳಿದರು. ಹೇಳುವಾಗ ಅವರ ಧ್ವನಿಯಲ್ಲಿ ವಿಷಾದವೂ ಇತ್ತು. ಅದನ್ನು ತರುವುದು ಅವರಿಗೆ ಗೊತ್ತಿತ್ತು.

ಚಕ್ಕಡಿಯಲ್ಲಿ ಕೊಪ್ಪಳಕ್ಕೆ ತಿರುಗಿ ಬರುವಾಗ ನಾನು ಹಿಂದಿನ ಅಂಚಿಗೆ ಹೋಗಿ ಕುಳಿತೆ. ಅವರೇ ಕೆಣಕಿದರು. “ಯಾಕಪಾ, ಸೋತವ್ರಗತೆ ಕುಂತೀದಿ?”

“ನೀವು ಆಣೆ ನಂಬ್ತೀರೇನ್ರಿ?”

“ಹುಚ್ಚದೀಯೇನು.”

“ಮತ್ತ?”

“ನಾ ನಂಬೂದಿಲ್ಲ. ಆಕಿ ನಂಬತಾಳ. ಅಷ್ಟು ಸಾಕಲ್ಲ,” ಎಂದರು. ಅಡಕೊತ್ತು ತೆಗೆದರು, ಚಕ್ಕಡಿ ಕುಲುಕುತ್ತಿದ್ದರೂ ಅಡಿಕೆ ಸಣ್ಣಗೆ ಕತ್ತರಿಸಿದರು. “ಖರೆ ಹೇಳೂ ಹೆಂಗಸು ಮಗುವಿನ ತಲಿ ಮುಟ್ಟೂದಿಲ್ಲ. ಸುಳ್ಳ ಹೇಳೂ ಗಂಡಸು ಹಿಂದ ಮುಂದ ನೋಡೂದಿಲ್ಲ. ಇಷ್ಟು ವರ್ಷದ ವಕೀಲಿಯೊಳಗ ನಾ ಕಲತದ್ದು ಇದು.”

“ಹಂಗಾರ ಖರೆ ಆಕೀದು ಅಂತ ನಿಮಗ ಗೊತ್ತಿತ್ತು.”

“ನಿನಗ ಗೊತ್ತಿತ್ತಿಲ್ಲೋ? ನನಗ್ಯಾಕ ಗೊತ್ತಿರಬಾರದು?” ಎಂದರು, ಸ್ವಲ್ಪ ನೊಂದವರಂತೆ. “ಏ ಹುಡುಗಾ, ಆ ಮನಿ ಒಂದು ಹೆಂಗಸಿನ ಕೈಯಾಗ ಹೋದ್ರ ಸಾಹೇಬರು ಬ್ಯಾಸಿಗಿಗೆ ಎಲ್ಲಿ ಹೋಗಬೇಕು? ಮನಿ ಅಂದ್ರ ಬರೇ ಕಲ್ಲು ಗಾರಿ ಅಲ್ಲ. ನಾಳೆ ನಿನಗ ಸರಕಾರಿ ವಕೀಲಿ ಬೇಕಂದ್ರ, ಅದರ ಬಾಗಲಾ ಕುಷ್ಟಗ್ಯಾಗ ಇಲ್ಲ, ಅಲ್ಲಿ ಐತಿ.”

ನಂಬಿಕೆಯಿಲ್ಲದ ಮನುಷ್ಯ ಎಂದರೆ ಯಾರಿಗೂ ಮೋಸ ಹೋಗದವನು, ಆದ್ದರಿಂದ ಯಾರಿಗೂ ಮೋಸ ಮಾಡದವನು ಎಂದು ನಾನು ತರ್ಕ ಕಟ್ಟಿಕೊಂಡಿದ್ದೆ. ಮೊದಲನೆಯದರಿಂದ ಎರಡನೆಯದು ಹುಟ್ಟುವುದಿಲ್ಲ. ಭಕ್ತರ ಮೋಸವನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅವರು ಕನಿಷ್ಠ ಒಳಗೊಳಗೆ ಹೆದರುತ್ತಾರೆ. ಇವರಿಗೆ ಹೆದರಿಕೆಯೇ ಇರಲಿಲ್ಲ. ಇನ್ನೊಬ್ಬರ ಹೆದರಿಕೆ ಎಷ್ಟು ಆಳ ಎಂದು ಕೋಲು ಹಾಕಿ ನೋಡಿ, ಸರಿಯಾಗಿ ಅಷ್ಟೇ ಆಳದಲ್ಲಿ ಮುಳುಗಿಸಿದರು. ನನಗೆ ಅಸಹ್ಯ ಆಗುವುದು ಇದಕ್ಕೆ.

ಮರುದಿನದಿಂದ ನಾನು ಅವರ ಕಚೇರಿಗೆ ಹೋಗಲಿಲ್ಲ. ಗಂಗಾವತಿಯಲ್ಲಿ ಒಂದು ಕೋಣೆ ಹಿಡಿದು ನನ್ನದೇ ಬೋರ್ಡು ಹಾಕಿದೆ. ಕೋಟನ್ನು ತಿರುಗಿ ಕಳಿಸಿದೆ. ‘ತೋಳು ಕತ್ತರಿಸಿದ್ದು ನನಗೆ ಬಾರದು, ನೀನೇ ಇಟ್ಟುಕೋ’ ಎಂದು ತಿರುಗಿ ನನಗೇ ಕಳಿಸಿದರು. ಅವರ ಹತ್ತಿರ ಯಾವುದಕ್ಕೂ ಉತ್ತರ ಇರುತ್ತಿತ್ತು.

ಆಮೇಲೆ ಆ ಬಂಗಲೆಯ ಭಾಗ್ಯ ತೆರೆಯಿತು. ಬೇಸಿಗೆಯಲ್ಲಿ ಅಧಿಕಾರಿಗಳು. ಸಂಸ್ಥಾನದಲ್ಲಿ ಗಲಾಟೆ ಶುರುವಾಗಿ ನಿಜಾಮರ ವಿರುದ್ಧದ ಚಳವಳಿಯ ಮುಂದಾಳುಗಳು ಗಡಿ ದಾಟಿ ಆಚೆ ಹೋಗತೊಡಗಿದಾಗ ಅವರಿಗೂ ಅಲ್ಲೇ ಬಿಡಾರ. ಎರಡನ್ನೂ ಏರ್ಪಾಡು ಮಾಡಿದವರು ನಮ್ಮ ವಕೀಲರೇ. ಒಂದು ಸಲ ಮಹಡಿಯ ಮೇಲೆ ಸರ್ಕಾರ, ಹಿತ್ತಲ ಕೋಣೆಯಲ್ಲಿ ಚಳವಳಿ, ಇಬ್ಬರಿಗೂ ಒಂದೇ ಒಲೆಯ ಊಟ ಆಯಿತೆಂದು ಅವರೇ ಹೆಮ್ಮೆಯಿಂದ ಹೇಳಿಕೊಂಡದ್ದನ್ನು ಕೇಳಿದವರಿದ್ದಾರೆ. ಸಂಸ್ಥಾನ ಹೋಗಿ ಹಿಂದುಸ್ತಾನದ ಸರ್ಕಾರ ಬಂದ ಮೇಲೆ ಅವರ ನಿಜಾಮರ ಕಾಲದ ಕೆಂಪು ರೂಮಿ ಟೊಪ್ಪಿಗೆ ಹೋಗಿ ಖಾದಿ ಟೊಪ್ಪಿಗೆ ಬಂತು. ಟೊಪ್ಪಿಗೆ ಬದಲಿಸಿದ್ದಕ್ಕೆ ನಾನು ಯಾರನ್ನೂ ಬೈಯುವುದಿಲ್ಲ, ನಮ್ಮ ಬಿಸಿಲು ಅಂಥದ್ದು. ದೊಡ್ಡ ದೇಸಾಯರೂ ಒಂದು ಹಾಕಿಕೊಂಡರು. ಸಮುದ್ರದ ಕಡೆಯ ಎರಡು ಕೋಣೆಗಳನ್ನು ವಕೀಲರು ಇರುವತನಕ ಇರಲೆಂದು ಬಿಟ್ಟುಕೊಟ್ಟಿದ್ದರು. ಇದ್ದರು, ಅಲ್ಲೇ ಸತ್ತರು.

ಸಂತಾಪ ಸಭೆಯ ಮರುದಿನ ನಾನು ಯಲಬುರ್ಗಾಕ್ಕೆ ಹೋದೆ. ನೀಲವ್ವ ಅಣ್ಣನ ಮನೆಯಲ್ಲೇ ಇದ್ದಾರೆ. ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ಮಗಳು ಗಂಗವ್ವ ಈಗ ಅವರಷ್ಟೇ ಎತ್ತರ. ಅವಳ ಲಗ್ನ ನಿಶ್ಚಯವಾಗಿದೆ: ಹೆಂಡತಿ ಸತ್ತ, ಎರಡು ಮಕ್ಕಳ ತಂದೆ, ವಯಸ್ಸಾದವನು. ಅಣ್ಣನ ಮನೆಯಿಂದ ಅದಕ್ಕಿಂತ ಒಳ್ಳೆಯ ಸಂಬಂಧ ತರಲಾಗಲಿಲ್ಲ.

ವಕೀಲರು ಹೋದ ಸುದ್ದಿ ಹೇಳಿದೆ. ನೀಲವ್ವ ಮೊರ ನಿಲ್ಲಿಸಿದರು. “ಎಲ್ಲಿ?” ಎಂದರು.

“ಬಂಗಲ್ಯಾಗ.”

“ಹಿಂದಿನ ಕ್ವಾಣ್ಯಾಗೇನು?”

“ಹೌದು.”

“ಸಮುದ್ರ ಕಾಣಸ್ತಿತ್ತು ಹಂಗಾರ,” ಎಂದು ಮತ್ತೆ ಜೋಳ ಕೇರತೊಡಗಿದರು.

ಗಂಗವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು. ಅವಳು ನನಗೆ ಹೇಳಿದಳೋ ತಾಯಿಗೆ ಹೇಳಿದಳೋ ತಿಳಿಯಲಿಲ್ಲ.

“ನನ್ನ ತಲಿ ಮುಟ್ಟಿ ಒಂದು ಮಾತು ಅಂದಿದ್ರ ಮುಗೀತಿತ್ತು. ಖರೇನ ಇತ್ತಲ್ಲ. ನಾ ಏನು ಸಾಯ್ತಿದ್ದೆನೇನು? ಈಗೇನು ಭಾಳ ಛಲೋ ಬದುಕಾಕ ಹೊಂಟೀನೇನು?”

ಎಂಥ ವಾದ. ನಾನು ಅಂದು ಕಂಬದ ಹತ್ತಿರ ಹೇಳಿದ್ದೂ ಇದೇ. ಇವಳು ನನಗಿಂತ ಚೆನ್ನಾಗಿ ಹೇಳಿದ್ದಳು. ನಾನು ನೀಲವ್ವನ ಕಡೆ ನೋಡಿದೆ. ಅವರು ಮಗಳನ್ನು ಗದರಿಸಲಿಲ್ಲ. ಮೊರದಲ್ಲಿ ಒಂದು ಕಲ್ಲು ಹುಡುಕಿ ತೆಗೆದು ಅಂಗಳಕ್ಕೆ ಎಸೆದರು.

“ಖರೆ ಇತ್ತವ್ವಾ,” ಎಂದರು. “ಆದ್ರ ಜ್ವರಕ್ಕೇನು ಗೊತ್ತು, ಖರೆ ಯಾವ್ದು ಸುಳ್ಳ ಯಾವ್ದು ಅಂತ? ಆಣಿ ಮಾಡಿದ್ರ, ನಿನಗ ಮೈ ಬೆಚ್ಚಗಾದಾಗೆಲ್ಲಾ ನಾ ಸಾಯ್ತಿದ್ದೆ.”

ಗಂಗವ್ವ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರತೊಡಗಿತು, ಬಹಳ ಜೋರಾಗಿ.